ಒಂದೈದು ನಿಮಿಷ ಆಫ್ ಮಾಡಿಕೊಡಿ ಸಾರ್

ಕಂಪನಿಯ ಲ್ಯಾಪ್‌ಟಾಪ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಬೆಂಗಳೂರಿನ ಔಟರ್ ರಿಂಗ್ ರೋಡಿನ ಮೇಲೆ ಆಫೀಸು. ಹೊಸ ಮೌಸ್ ಬೇಕು, ಚಾರ್ಜರ್ ಸುಟ್ಟುಹೋಗಿದೆ, ವಿಪಿಎನ್ ಕನೆಕ್ಟ್ ಆಗ್ತಿಲ್ಲ ಅನ್ನುವ ಟಿಕೆಟ್‌ಗಳು ಇದ್ದದ್ದೇ. ಇವುಗಳ ನಡುವೆ ವಾರಕ್ಕೊಮ್ಮೆಯಾದರೂ ಬರುವ ಇನ್ನೊಂದು ಕೋರಿಕೆ ಇದೆ: "ಸಾರ್, ಆಂಟಿವೈರಸ್ ಒಂದೈದು ನಿಮಿಷ ಆಫ್ ಮಾಡಿಕೊಡಿ." ಆ ಐದು ನಿಮಿಷ ಯಾವಾಗ ಮುಗಿಯುತ್ತದೆ ಅಂತ ಕೇಳಿದರೆ ಯಾರೂ ಸರಿಯಾಗಿ ಹೇಳುವುದಿಲ್ಲ.

ಕೇಳುವವರು ಪಾಪ, ಒಳ್ಳೆಯವರು. ಕೇಳದೆ ತಾವೇ ಆಫ್ ಮಾಡಲು ಹೋಗುವವರೂ ಇದ್ದಾರೆ. ಅವರು ಏನೇನು ಮಾಡುತ್ತಾರೆ ಅನ್ನುವುದು ಎಲ್ಲ ಮೆಷಿನ್‌ಗಳನ್ನೂ ದೂರದಿಂದ ನೋಡುವ ನಮ್ಮ ಕನ್ಸೋಲ್‌ನಲ್ಲಿ ಸಾಲಾಗಿ ಕಾಣುತ್ತದೆ. ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು ಎಂಡ್ ಟಾಸ್ಕ್ ಒತ್ತುತ್ತಾರೆ. 'ಆಕ್ಸೆಸ್ ಈಸ್ ಡಿನೈಡ್' ಅನ್ನುತ್ತದೆ. ಸರ್ವೀಸಸ್ ಪಟ್ಟಿಗೆ ಹೋದರೆ ಅಲ್ಲಿ ಸ್ಟಾಪ್ ಬಟನ್ ಮಂಕಾಗಿರುತ್ತದೆ, ಒತ್ತಿದರೂ ಒತ್ತಲಾಗುವುದಿಲ್ಲ. ಆಮೇಲೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿ. ಆಮೇಲೆ ಯೂಟ್ಯೂಬ್ ನೋಡಿ ಕಲಿತ ಯಾವುದೋ ಪವರ್‌ಶೆಲ್ ಕಮಾಂಡ್. ಅರ್ಧ ಗಂಟೆ ಇಷ್ಟೆಲ್ಲ ಕುಸ್ತಿ ಮಾಡಿ ಕೊನೆಗೆ ನಮಗೆ ಟಿಕೆಟ್ ಹಾಕುತ್ತಾರೆ, 'ಲ್ಯಾಪ್‌ಟಾಪ್ ಸ್ಲೋ' ಅಂತ.

ಸೆಕ್ಯುರಿಟಿ ಅಂದರೆ ಹೊರಗಿನ ಕಳ್ಳನನ್ನು ತಡೆಯುವುದು ಅಂತ ನಾವು ಅಂದುಕೊಂಡಿರುತ್ತೇವೆ. ಇಲ್ಲಿ ತಡೆಯಬೇಕಾಗಿರುವುದು ಮೆಷಿನ್ ಮುಂದೆ ಕೂತವನನ್ನೇ. ಕೀಬೋರ್ಡ್ ಅವನ ಕೈಯಲ್ಲಿದೆ, ಪವರ್ ಬಟನ್ ಅವನ ಬೆರಳಿನ ಕೆಳಗಿದೆ. ಲ್ಯಾಪ್‌ಟಾಪ್ ಮಾತ್ರ ಕಂಪನಿಯದು. ಸಾಫ್ಟ್‌ವೇರ್ ಇನ್ಯಾವುದೋ ದೇಶದ ಇನ್ನೊಂದು ಕಂಪನಿಯದು. ಈ ಮೂವರಲ್ಲಿ ಯಜಮಾನ ಯಾರು? ಸೆಕ್ಯುರಿಟಿ ಸಾಫ್ಟ್‌ವೇರನ್ನು ಯಾರೂ ನಿಲ್ಲಿಸದಂತೆ, ಕೆಡಿಸದಂತೆ ಕಾಯುವುದಕ್ಕೆ ಟ್ಯಾಂಪರ್ ಪ್ರೊಟೆಕ್ಷನ್ ಅನ್ನುತ್ತಾರೆ; ಹಾಗೆ ನಾವು ಕರೆಯುವುದೆಲ್ಲ ಈ ಪ್ರಶ್ನೆಗೆ ಕೊಟ್ಟಿರುವ ಉತ್ತರವೇ. ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೆ ನನಗೆ ಅನ್ನಿಸಿರುವುದು ಒಂದೇ: ಆ ಉತ್ತರವನ್ನು ಪೂರ್ತಿಯಾಗಿ ಮೆಷಿನ್ ಒಳಗೇ ಕೊಡಲು ಆಗುವುದಿಲ್ಲ.

ಯಾಕೆ ಆಫ್ ಮಾಡುತ್ತಾರೆ ಅನ್ನುವುದನ್ನು ಮೊದಲು ನೋಡೋಣ. ನಮ್ಮ ಸೆಕ್ಯುರಿಟಿಯವರು ಸಾಮಾನ್ಯವಾಗಿ ಈ ಭಾಗ ಬಿಟ್ಟು ಮುಂದೆ ಹೋಗುತ್ತಾರೆ.

ನಮ್ಮಲ್ಲಿ ಒಬ್ಬ ಹುಡುಗ ಇದ್ದ, ಜಾವಾ ಡೆವಲಪರ್. ಅವನ ಮೆಷಿನ್‌ನಿಂದ ಟ್ಯಾಂಪರಿಂಗ್ ಅಲರ್ಟ್ ಮತ್ತೆ ಮತ್ತೆ ಬರುತ್ತಿತ್ತು. "ಏನಪ್ಪಾ, ಯಾಕೆ ನಿಲ್ಲಿಸೋಕೆ ಹೋಗ್ತೀಯಾ?" ಅಂದೆ. "ಸಾರ್, ನೀವೇ ಒಂದ್ಸಲ ಕೂತ್ಕೊಂಡು ನೋಡಿ" ಅಂದ. ಪಕ್ಕದಲ್ಲಿ ಕೂತೆ. ಅವನು ಬಿಲ್ಡ್, ಅಂದರೆ ಬರೆದ ಕೋಡನ್ನು ಓಡುವ ಪ್ರೋಗ್ರಾಂ ಮಾಡುವ ಕೆಲಸ, ಶುರು ಮಾಡಿದ. ಫ್ಯಾನ್ ಶಬ್ದ ಏರಿತು. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಕಾಲಂ ಮೇಲೆ ಕ್ಲಿಕ್ ಮಾಡಿ ಜಾಸ್ತಿ ತಿನ್ನುವವರನ್ನು ಮೇಲಕ್ಕೆ ತಂದ. ಮೊದಲ ಸ್ಥಾನದಲ್ಲಿ ಕಂಪೈಲರ್ ಇರಲಿಲ್ಲ, ನಮ್ಮ ಆಂಟಿವೈರಸ್ ಇತ್ತು. ಅವನು ಏನೂ ಹೇಳಲಿಲ್ಲ, ನನ್ನ ಮುಖ ನೋಡಿದ ಅಷ್ಟೇ.

ಅದರ ಕಾರಣ ಸರಳ. ರಿಯಲ್ ಟೈಮ್ ಸ್ಕ್ಯಾನಿಂಗ್ ಅಂದರೆ ಫೈಲ್ ತೆರೆಯುವಾಗೆಲ್ಲ ಒಬ್ಬರು ನಡುವೆ ನಿಂತು ನೋಡುತ್ತಾರೆ. ವರ್ಡ್ ಫೈಲ್ ತೆರೆಯುವವರಿಗೆ ಅದು ಗೊತ್ತೇ ಆಗುವುದಿಲ್ಲ. ಬಿಲ್ಡ್ ಮಾಡುವಾಗ ಸಾವಿರಾರು ಸಣ್ಣ ಸಣ್ಣ ಫೈಲುಗಳು ತೆರೆದು, ಮುಚ್ಚಿ, ಹೊಸದಾಗಿ ಹುಟ್ಟುತ್ತವೆ. ಪ್ರತಿಯೊಂದಕ್ಕೂ ಕ್ಯೂ. ಈ ತೊಂದರೆ ನಿಜ ಅನ್ನುವುದಕ್ಕೆ ಮೈಕ್ರೋಸಾಫ್ಟೇ ಸಾಕ್ಷಿ. 2023ರಲ್ಲಿ ವಿಂಡೋಸ್ 11ಕ್ಕೆ ಡೆವ್ ಡ್ರೈವ್ ಅನ್ನುವುದನ್ನು ಸೇರಿಸಿದರು. ಕೋಡ್ ಇಡಲು ಬೇರೆಯೇ ಒಂದು ಡ್ರೈವ್. ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್ ಅಲ್ಲಿ ಫೈಲನ್ನು ಮೊದಲು ತೆರೆಯಲು ಬಿಟ್ಟು, ಸ್ಕ್ಯಾನ್ ಆಮೇಲೆ ಮಾಡುತ್ತದೆ. ಆಫ್ ಮಾಡಬೇಡಿ, ಸ್ವಲ್ಪ ಹಿಂದೆ ಸರಿಯುತ್ತೇವೆ ಅನ್ನುವ ರಾಜಿ. ಇಂಥ ರಾಜಿ ಇಲ್ಲದ ಕಡೆ ಜನ ತಮ್ಮದೇ ದಾರಿ ಹುಡುಕುತ್ತಾರೆ. ಆ ಹುಡುಗನನ್ನು ಕೆಟ್ಟವನು ಅನ್ನಲು ನನಗಂತೂ ಆಗಲಿಲ್ಲ.

ಇನ್ನೊಂದು ಕಡೆಯ ಕಥೆ ಬೇರೆ. ತಿಪಟೂರಿನಲ್ಲಿ ಪರಿಚಯದವರ ಒಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಚುನಾವಣೆ ಬಂದರೆ ಕರಪತ್ರ. ಡಿಸೈನ್ ಸಾಫ್ಟ್‌ವೇರ್ ಎಲ್ಲ ಕ್ರ್ಯಾಕ್ ಮಾಡಿದ ಕಳ್ಳ ಪ್ರತಿ, ಅದು ಅಂಗಡಿಯ ಗೋಡೆಗೂ ಗೊತ್ತು. ಕ್ರ್ಯಾಕ್ ಜೊತೆಗೆ ಬರುವ ರೀಡ್‌ಮಿ ಫೈಲನ್ನು ನೀವು ಯಾವತ್ತಾದರೂ ಓದಿದ್ದರೆ ಮೊದಲ ಸಾಲು ನೆನಪಿರಬಹುದು: ಆಂಟಿವೈರಸ್ ಆಫ್ ಮಾಡಿ, ಅದು ಸುಳ್ಳು ಎಚ್ಚರಿಕೆ ಕೊಡುತ್ತದೆ. ಅಂಗಡಿಯವರು ಹಾಗೇ ಮಾಡಿದರು. ತಮ್ಮ ಕೈಯಾರೆ ಸ್ವಿಚ್ ಸರಿಸಿದರು. ಮಾರನೇ ದಿನ ಫೈಲುಗಳ ಹೆಸರಿನ ಬಾಲ ಎಲ್ಲ ಬದಲಾಗಿತ್ತು. ಪ್ರತಿ ಫೋಲ್ಡರ್‌ನಲ್ಲೂ ಒಂದು ಟೆಕ್ಸ್ಟ್ ಫೈಲ್: 980 ಡಾಲರ್ ಕೊಡಿ, 72 ಗಂಟೆಯೊಳಗೆ ಕೊಟ್ಟರೆ 490.

ಅದು ಸ್ಟಾಪ್ ಅಥವಾ ಡಿಜೆವಿಯು ಅಂತ ಕರೆಯುವ ರಾನ್ಸಮ್‌ವೇರ್, ಅಂದರೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಕೆಡುಕು ಪ್ರೋಗ್ರಾಂ. 2018ರಿಂದ ಓಡಾಡುತ್ತಿದೆ, ಹರಡುವುದು ಮುಖ್ಯವಾಗಿ ಕ್ರ್ಯಾಕ್ ಸಾಫ್ಟ್‌ವೇರ್ ಮೂಲಕ. ದೊಡ್ಡ ಕಂಪನಿಗಳ ತಂಟೆಗೆ ಹೋಗುವ ಗ್ಯಾಂಗ್‌ಗಳ ಸುದ್ದಿ ಪೇಪರ್‌ನಲ್ಲಿ ಬರುತ್ತದೆ. ಇದು ಮಾತ್ರ ಮನೆಮನೆಯ, ಸಣ್ಣ ಅಂಗಡಿಗಳ ಪೀಡೆ. ಸೆಕ್ಯುರಿಟಿ ಕಂಪನಿ ಎಮ್ಸಿಸಾಫ್ಟ್‌ನವರು 2019ರ ಅಕ್ಟೋಬರ್‌ನಲ್ಲಿ ಬಿಡಿಸುವ ಟೂಲ್ ಒಂದನ್ನು ಉಚಿತವಾಗಿ ಕೊಟ್ಟರು. ಆದರೆ ಅದು ಕೆಲವು ಬಗೆಯ ಕೀಗಳಿಗೆ ಮಾತ್ರ ಕೆಲಸ ಮಾಡುತ್ತಿತ್ತು. ಇವರದು ಆ ಪೈಕಿ ಇರಲಿಲ್ಲ. ಹಳೇ ಲಗ್ನಪತ್ರಿಕೆಗಳ ಪ್ರಿಂಟ್ ಪ್ರತಿ ನೋಡಿಕೊಂಡು ಮತ್ತೆ ಟೈಪ್ ಮಾಡಿದರು.

ಇದನ್ನು ಹ್ಯಾಕಿಂಗ್ ಅನ್ನಬೇಕೋ ಬೇಡವೋ ನನಗೆ ಈಗಲೂ ಅನುಮಾನ. ಸಾಫ್ಟ್‌ವೇರ್‌ನ ಒಳಗೆ ಯಾರೂ ತೂರಲಿಲ್ಲ. ರೀಡ್‌ಮಿ ಫೈಲಿನ ಒಂದು ಸಾಲು ಸಾಕಾಯಿತು. ಲೋಕಲ್ ಯೂಸರ್‌ನಿಂದ (ಮೆಷಿನ್ ಮುಂದೆ ಕೂತವನಿಂದ) ರಕ್ಷಣೆ ಅಂದಾಗ ಆ ಯೂಸರ್ ಕಿಲಾಡಿ ಆಗಿರಬೇಕಿಲ್ಲ, ಇನ್ನೊಬ್ಬರ ಮಾತು ಕೇಳಿದರೆ ಸಾಕು.

ಆಫ್ ಮಾಡುವವರಲ್ಲಿ ಮೂರನೆಯವರ ಬಗ್ಗೆ ಮಾತಾಡಲು ಕಂಪನಿಗಳಿಗೆ ಇಷ್ಟವಿಲ್ಲ. ವರ್ಕ್ ಫ್ರಮ್ ಹೋಮ್ ಬಂದ ಮೇಲೆ ಸಿಸ್ಟಂ ಟ್ರೇಯಲ್ಲಿ ಐಕಾನ್‌ಗಳ ಸಂತೆ. ಒಂದು ಆಂಟಿವೈರಸ್, ಒಂದು ಡೇಟಾ ಹೊರಹೋಗದಂತೆ ನೋಡುವುದು, ಒಂದು ವಿಪಿಎನ್, ಇನ್ನೊಂದು ನೀವು ಎಷ್ಟು ಹೊತ್ತು ಮೌಸ್ ಅಲ್ಲಾಡಿಸಿದಿರಿ ಅಂತ ಲೆಕ್ಕ ಇಡುವುದು. ಕೆಲಸ ಮಾಡುವವರಿಗೆ ಇವುಗಳಲ್ಲಿ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ಯಾರೂ ಹೇಳುವುದೂ ಇಲ್ಲ. ಹಾಗಾಗಿ ಲೆಕ್ಕ ಇಡುವುದನ್ನು ನಿಲ್ಲಿಸಲು ಹೊರಟವರು ಸಿಕ್ಕಿದ್ದನ್ನೆಲ್ಲ ನಿಲ್ಲಿಸಲು ನೋಡುತ್ತಾರೆ. ಕಾವಲು ಮತ್ತು ಕಣ್ಗಾವಲು ಎರಡನ್ನೂ ಮೆಷಿನ್ ಒಳಗೆ ಕೂತು ಕಂಪನಿಗೆ ವರದಿ ಮಾಡುವ ಒಂದೇ ಏಜೆಂಟ್‌ಗೆ ತುಂಬಿಸಿ, ಆಮೇಲೆ ಜನ ಏಜೆಂಟ್ ಕಿತ್ತುಹಾಕ್ತಾರೆ ಅಂತ ದೂರುವುದು ನ್ಯಾಯವಲ್ಲ. ಇದನ್ನು ಮೀಟಿಂಗ್‌ಗಳಲ್ಲಿ ಹೇಳಿದ್ದೇನೆ. ಮಿನಿಟ್ಸ್‌ನಲ್ಲಿ ಬರಲಿಲ್ಲ, ಅದು ಬೇರೆ ಮಾತು.

ಸರಿ, ಈಗ ತಡೆಯುವುದು ಹೇಗೆ?

ಹಳೇ ಕಾಲದಲ್ಲಿ ತಡೆಯೇ ಇರಲಿಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಿ ಮನೆಯಲ್ಲಿ ಕಂಪ್ಯೂಟರ್ ತಂದವರೆಲ್ಲ ಅಡ್ಮಿನಿಸ್ಟ್ರೇಟರ್‌ಗಳೇ, ಅಂದರೆ ಮೆಷಿನ್‌ನಲ್ಲಿ ಏನು ಬೇಕಾದರೂ ಬದಲಾಯಿಸುವ ಹಕ್ಕು ಇದ್ದವರು. 2002ರ ಬಗ್‌ಬೇರ್ ಅನ್ನುವ, ತಾನಾಗಿಯೇ ಹರಡುವ ವೈರಸ್ ಹುಳು ತನ್ನೊಳಗೆ ಆಂಟಿವೈರಸ್‌ಗಳ ಪ್ರೋಸೆಸ್ ಹೆಸರುಗಳ ಪಟ್ಟಿಯನ್ನೇ ಇಟ್ಟುಕೊಂಡಿತ್ತು. ಒಂದೊಂದನ್ನೇ ಹುಡುಕಿ ಕೊಲ್ಲುತ್ತಿತ್ತು. ಅದಕ್ಕೂ ಮುಂಚೆ ಬಂದ ಕ್ಲೆಜ್ ಕೂಡ ಇದನ್ನೇ ಮಾಡುತ್ತಿತ್ತು. ಆಂಟಿವೈರಸ್ ಕೂಡ ಕೊನೆಗೆ ಒಂದು ಪ್ರೋಗ್ರಾಂ ಅಷ್ಟೇ. ಕೊಲ್ಲುವ ಅಧಿಕಾರ ಇರುವವರು ಕೊಲ್ಲಬಹುದಿತ್ತು.

ಆಂಟಿವೈರಸ್ ಕಂಪನಿಗಳು ಆಗ ಕರ್ನಲ್‌ಗೆ ಇಳಿದವು. ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಂನ ತಳ. ಅಲ್ಲಿ ಕೂತರೆ ಮೇಲಿನವರು ಏನು ಮಾಡುತ್ತಿದ್ದಾರೆ ಅನ್ನುವುದು ಕಾಣುತ್ತದೆ, ತಡೆಯಲೂಬಹುದು. ಕೆಲವರು ಕರ್ನಲ್‌ನ ಕೋಡನ್ನೇ ತಿದ್ದಿ ತಮ್ಮದನ್ನು ನಡುವೆ ತೂರಿಸುತ್ತಿದ್ದರು. ಮಾಲ್‌ವೇರ್ ಬರೆಯುವವರು ಮಾಡುತ್ತಿದ್ದುದೂ ಅದನ್ನೇ. ಮೈಕ್ರೋಸಾಫ್ಟ್ 64 ಬಿಟ್ ವಿಂಡೋಸ್‌ನಲ್ಲಿ ಪ್ಯಾಚ್‌ಗಾರ್ಡ್ ತಂದು ಯಾರೂ ಕರ್ನಲ್ ತಿದ್ದುವಂತಿಲ್ಲ ಅಂದಾಗ ದೊಡ್ಡ ಜಗಳವೇ ಆಯಿತು. 2006ರಲ್ಲಿ, ವಿಸ್ಟಾ ಬರುವ ಮುಂಚೆ, ಮೆಕಾಫಿ ಕಂಪನಿ ಫೈನಾನ್ಷಿಯಲ್ ಟೈಮ್ಸ್‌ನಲ್ಲಿ ಪೂರ್ತಿ ಪುಟದ ಜಾಹೀರಾತು ಕೊಟ್ಟು ಜಗಳ ಆಡಿತು. ಕೊನೆಗೆ ಮೈಕ್ರೋಸಾಫ್ಟ್ ತಿದ್ದುವುದರ ಬದಲು ಕೇಳಿ ಪಡೆಯುವ ದಾರಿಗಳನ್ನು ಕೊಟ್ಟಿತು. ಈಗ ಯಾರಾದರೂ ಆಂಟಿವೈರಸ್ ಪ್ರೋಸೆಸ್ ಕೊಲ್ಲಲು ಅನುಮತಿ ಕೇಳಿದರೆ ಕರ್ನಲ್ ಮೊದಲು ಆಂಟಿವೈರಸ್‌ನ ಡ್ರೈವರ್‌ಗೆ, ಅಂದರೆ ಕರ್ನಲ್‌ನಲ್ಲಿ ಓಡುವ ಅದರ ಭಾಗಕ್ಕೆ, ತಿಳಿಸುತ್ತದೆ. ಡ್ರೈವರ್ ಆ ಅನುಮತಿಯಿಂದ 'ಕೊಲ್ಲುವ' ಹಕ್ಕನ್ನು ಕಿತ್ತು, ಉಳಿದದ್ದನ್ನು ಕೊಡುತ್ತದೆ.

ಟಾಸ್ಕ್ ಮ್ಯಾನೇಜರ್‌ನ ಆ 'ಆಕ್ಸೆಸ್ ಈಸ್ ಡಿನೈಡ್' ಈಗ ಇನ್ನೂ ಒಂದು ಕಡೆಯಿಂದ ಬರುತ್ತದೆ. 2013ರ ವಿಂಡೋಸ್ 8.1ರಲ್ಲಿ ಪ್ರೊಟೆಕ್ಟೆಡ್ ಪ್ರೋಸೆಸ್ ಲೈಟ್ ಅನ್ನುವುದು ಬಂತು. ಬಾಯಲ್ಲಿ ಪಿಪಿಎಲ್ ಅನ್ನುತ್ತೇವೆ. ಆಂಟಿವೈರಸ್ ಕಂಪನಿ ತನ್ನ ಸರ್ಟಿಫಿಕೇಟ್‌ನ ಗುರುತನ್ನು ಒಂದು ವಿಶೇಷ ಡ್ರೈವರ್‌ನಲ್ಲಿ ಹಾಕಿ ಮೈಕ್ರೋಸಾಫ್ಟ್‌ನಿಂದ ಸಹಿ ಮಾಡಿಸಿಕೊಳ್ಳಬೇಕು. ಬೂಟ್ ಆಗುವಾಗ ಮೊದಮೊದಲು ಲೋಡ್ ಆಗುವವರ ಸಾಲಿನಲ್ಲಿ ಆ ಡ್ರೈವರ್ ಇರುತ್ತದೆ. ಆಮೇಲೆ ಅದೇ ಗುರುತಿನ ಸರ್ವೀಸ್ ಶುರುವಾದಾಗ ವಿಂಡೋಸ್ ಅದಕ್ಕೆ ಕವಚ ತೊಡಿಸುತ್ತದೆ. ನೀವು ಅಡ್ಮಿನ್ ಆಗಿದ್ದರೂ ಅದನ್ನು ಕೊಲ್ಲಲಾಗುವುದಿಲ್ಲ, ಅದರ ಮೆಮೊರಿಗೆ ಬರೆಯಲಾಗುವುದಿಲ್ಲ, ಸಹಿ ಇಲ್ಲದ ಡಿಎಲ್‌ಎಲ್ ಅನ್ನುವ ಕೋಡ್ ಫೈಲನ್ನು ಅದರೊಳಗೆ ತೂರಿಸಲಾಗುವುದಿಲ್ಲ.

ಇಷ್ಟಾದರೂ ಒಂದು ಸುಲಭದ ದಾರಿ ಬಹಳ ಕಾಲ ತೆರೆದೇ ಇತ್ತು. ಪ್ರೋಸೆಸ್ ಕೊಲ್ಲಬೇಡ, ಸೆಟ್ಟಿಂಗ್ ಬದಲಾಯಿಸು. ಡಿಫೆಂಡರ್ ಅನ್ನು ಪೂರ್ತಿ ಮಲಗಿಸಲು ರಿಜಿಸ್ಟ್ರಿಯಲ್ಲಿ ಒಂದೇ ಒಂದು ಎಂಟ್ರಿ ಸಾಕಾಗಿತ್ತು. 2019ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್‌ನಲ್ಲಿ ಟ್ಯಾಂಪರ್ ಪ್ರೊಟೆಕ್ಷನ್ ಅನ್ನುವ ಹೆಸರಿನದೇ ಸೌಲಭ್ಯವನ್ನು ಎಲ್ಲರಿಗೂ ಬಿಟ್ಟಿತು. 2020ರ ಆಗಸ್ಟ್‌ನಲ್ಲಿ ಆ ಹಳೇ ಎಂಟ್ರಿಗೂ ಕಿವಿಗೊಡುವುದನ್ನು ನಿಲ್ಲಿಸಿತು. ಈಗ ಪವರ್‌ಶೆಲ್‌ನಲ್ಲಿ ಆಫ್ ಮಾಡುವ ಕಮಾಂಡ್ ಕೊಟ್ಟು ನೋಡಿ, ತಮಾಷೆಯಾಗಿದೆ. ಎರರ್ ಬರದೇ ಹೋಗಬಹುದು. ಸರಿ ಆಯ್ತು ಅನ್ನುವ ಹಾಗೆ ಕರ್ಸರ್ ಮುಂದಿನ ಸಾಲಿಗೆ ಹೋಗುತ್ತದೆ. ಒಳಗೆ ಏನೂ ಬದಲಾಗಿರುವುದಿಲ್ಲ. ಮನೆಯ ಕಂಪ್ಯೂಟರ್‌ನಲ್ಲಾದರೆ ವಿಂಡೋಸ್ ಸೆಕ್ಯುರಿಟಿ ಆ್ಯಪ್‌ಗೆ ಹೋಗಿ ಕೈಯಿಂದಲೇ ಸ್ವಿಚ್ ಸರಿಸಬೇಕು. ಸ್ಕ್ರಿಪ್ಟ್‌ಗೆ ಅದು ಕಷ್ಟ, ಮನುಷ್ಯನಿಗೆ ಸುಲಭ. ತಿಪಟೂರಿನಲ್ಲಿ ಆದದ್ದು ಇದೇ ಅಲ್ವಾ? ಕಂಪನಿಯ ಮೆಷಿನ್‌ಗಳಲ್ಲಿ ಆ ಸ್ವಿಚ್ಚೇ ಕೈಗೆ ಸಿಗುವುದಿಲ್ಲ, ಬದಲಾವಣೆ ಕ್ಲೌಡ್‌ನಿಂದಲೇ ಬರಬೇಕು.

ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾದಿಂದ ಆಪಲ್ ಸೆಕ್ಯುರಿಟಿ ಸಾಫ್ಟ್‌ವೇರ್‌ಗಳಿಗೆ ಕರ್ನಲ್‌ನ ಹೊರಗೆ ಬೇರೆ ಜಾಗ ಮಾಡಿಕೊಟ್ಟು ಅಲ್ಲಿಗೆ ಕಳಿಸತೊಡಗಿತು. ಲಿನಕ್ಸ್‌ನಲ್ಲಿ ಅಡ್ಮಿನ್‌ಗೆ ರೂಟ್ ಅನ್ನುತ್ತಾರೆ; ರೂಟ್ ಅಂದರೆ ರೂಟ್, ವಾದ ಕಡಿಮೆ. ಜಗಳ ಜಾಸ್ತಿ ಇರುವುದು ವಿಂಡೋಸ್‌ನಲ್ಲೇ, ನಮ್ಮ ಆಫೀಸುಗಳಲ್ಲಿ ಜಾಸ್ತಿ ಇರುವುದೂ ಅದೇ.

ಇಷ್ಟೆಲ್ಲ ಕವಚ ಇದ್ದ ಮೇಲೆ ಮುಗಿಯಿತು ಅಂದುಕೊಳ್ಳಬಹುದು. ಮುಗಿದಿಲ್ಲ. ಯಾಕೆಂದರೆ ಲೋಕಲ್ ಅಡ್ಮಿನ್ ಆಗಿರುವವರು ಡ್ರೈವರ್ ಹಾಕಬಹುದು, ಡ್ರೈವರ್ ಓಡುವುದು ಕರ್ನಲ್‌ನಲ್ಲಿ, ಕರ್ನಲ್‌ನಲ್ಲಿ ಇರುವವರಿಗೆ ಪಿಪಿಎಲ್ ಲೆಕ್ಕಕ್ಕಿಲ್ಲ. ಹೊಸ ಡ್ರೈವರ್‌ಗೆ ಮೈಕ್ರೋಸಾಫ್ಟ್ ಸಹಿ ಬೇಕು, ನಿಜ. ಆದರೆ ಈಗಾಗಲೇ ಸಹಿ ಇರುವ, ಒಳಗೆ ತೂತು ಇರುವ ಹಳೇ ಡ್ರೈವರ್‌ಗಳು ಪ್ರಪಂಚದಲ್ಲಿ ಬೇಕಾದಷ್ಟಿವೆ. ಅಂಥದ್ದೊಂದನ್ನು ಜೊತೆಗೇ ತಂದು, ಹಾಕಿ, ಅದರ ತೂತಿನ ಮೂಲಕ ಕರ್ನಲ್‌ಗೆ ಇಳಿಯುವುದು. 2020ರಲ್ಲಿ ರಾಬಿನ್‌ಹುಡ್ ರಾನ್ಸಮ್‌ವೇರ್ ಗಿಗಾಬೈಟ್ ಮದರ್‌ಬೋರ್ಡ್‌ಗಳ ಒಂದು ಹಳೇ ಡ್ರೈವರ್ ಬಳಸಿ ಹೀಗೆ ಮಾಡಿದ್ದನ್ನು ಸೋಫೋಸ್ ಕಂಪನಿಯವರು ಬಯಲು ಮಾಡಿದರು.

ನನಗೆ ಎಲ್ಲಕ್ಕಿಂತ ಹಿಡಿಸಿದ ಉದಾಹರಣೆ 2022ರದ್ದು. ಗೆನ್‌ಶಿನ್ ಇಂಪ್ಯಾಕ್ಟ್ ಅಂತ ಒಂದು ಗೇಮ್ ಇದೆ, ಹುಡುಗರಿಗೆ ಗೊತ್ತಿರುತ್ತದೆ. ಆಡುವವರು ಮೋಸ ಮಾಡದಿರಲಿ ಅಂತ ಅದರ ಜೊತೆ ಆಂಟಿ-ಚೀಟ್ ಡ್ರೈವರ್ ಬರುತ್ತಿತ್ತು. ಯೋಚನೆ ಮಾಡಿ, ಆಂಟಿ-ಚೀಟ್‌ನ ಕಷ್ಟವೂ ನಮ್ಮದೇ ಕಷ್ಟ. ಮೆಷಿನ್ ಮುಂದೆ ಕೂತವನೇ ಎದುರಾಳಿ, ಅವನ ಕೈಯಿಂದ ತನ್ನನ್ನು ಕಾಪಾಡಿಕೊಳ್ಳಬೇಕು. ಅದಕ್ಕೇ ಅದಕ್ಕೆ ಅಷ್ಟೊಂದು ಅಧಿಕಾರ. ರಾನ್ಸಮ್‌ವೇರ್ ಗ್ಯಾಂಗ್ ಒಂದು ಆ ಡ್ರೈವರ್ ಒಂದನ್ನೇ ಎತ್ತಿಕೊಂಡು ಹೋಗಿ ಬಲಿಯಾದವರ ಮೆಷಿನ್‌ನಲ್ಲಿ ಹಾಕಿ, ಅದರ ಕೈಯಿಂದ ಆಂಟಿವೈರಸ್ ಕೊಲ್ಲಿಸಿತು. ಮೆಷಿನ್‌ನಲ್ಲಿ ಗೇಮ್ ಇರಬೇಕಾಗಿಯೂ ಇರಲಿಲ್ಲ. ಸೆಕ್ಯುರಿಟಿ ಕಂಪನಿ ಟ್ರೆಂಡ್ ಮೈಕ್ರೋದವರು ಇದನ್ನು ಬರೆದಾಗ ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನುವ ಗಾದೆ ಬಿಟ್ಟು ನನಗೆ ಬೇರೇನೂ ತೋಚಲಿಲ್ಲ. ಮಾರನೇ ವರ್ಷ ಆಕಿಲ್ ಅನ್ನುವ ಇನ್ನೊಂದು ಟೂಲ್ ಬಂತು. ಅದು ಬಳಸಿದ್ದು ಮೈಕ್ರೋಸಾಫ್ಟ್‌ನದೇ ಪ್ರೋಸೆಸ್ ಎಕ್ಸ್‌ಪ್ಲೋರರ್‌ನ ಹಳೇ ಡ್ರೈವರ್. ನಮ್ಮಂಥ ಸಪೋರ್ಟ್ ಮಂದಿ ದಿನಾ ಬಳಸುವ ಟೂಲ್ ಅದು.

ತೂತಿರುವ ಡ್ರೈವರ್‌ಗಳನ್ನು ತಡೆಯುವ ಪಟ್ಟಿಯೊಂದನ್ನು ಮೈಕ್ರೋಸಾಫ್ಟ್ ಇಟ್ಟಿದೆ. 2022ರ ವಿಂಡೋಸ್ 11 ಅಪ್‌ಡೇಟ್‌ನಿಂದ ಅದು ತಾನಾಗಿಯೇ ಆನ್ ಇರುತ್ತದೆ. ಅದೇ ವರ್ಷ ಸಂಶೋಧಕರು ಇನ್ನೊಂದು ಸಂಗತಿ ಎತ್ತಿ ತೋರಿಸಿದರು: ವಿಂಡೋಸ್ 10 ಮೆಷಿನ್‌ಗಳಲ್ಲಿ ಆ ಪಟ್ಟಿ ಸುಮಾರು 3 ವರ್ಷದಿಂದ ಅಪ್‌ಡೇಟೇ ಆಗಿರಲಿಲ್ಲ. ಅಡ್ಮಿನ್‌ನಿಂದ ಕರ್ನಲ್‌ಗೆ ಹೋಗುವುದನ್ನು ನಾವು ಸೆಕ್ಯುರಿಟಿ ಗಡಿ ಅಂತ ಪರಿಗಣಿಸುವುದಿಲ್ಲ ಅಂತ ಮೈಕ್ರೋಸಾಫ್ಟ್ ತನ್ನ ನಿಯಮದಲ್ಲೇ ಬರೆದುಕೊಂಡಿದೆ. ಇದನ್ನು ಮುಚ್ಚಿಟ್ಟಿಲ್ಲ. ನಾವು ಓದುವುದಿಲ್ಲ ಅಷ್ಟೇ.

ಅಂದರೆ ಟ್ಯಾಂಪರ್ ಪ್ರೊಟೆಕ್ಷನ್‌ನ ಮೊದಲ ಕೆಲಸ ಆ ಸಾಫ್ಟ್‌ವೇರ್‌ನ ಒಳಗೆ ಇಲ್ಲವೇ ಇಲ್ಲ. ಲೋಕಲ್ ಅಡ್ಮಿನ್ ಯಾರ್ಯಾರಿಗೆ ಇದೆ ಅನ್ನುವುದರಲ್ಲಿದೆ. ಸಾಮಾನ್ಯ ಯೂಸರ್ ಆಗಿ ಲಾಗಿನ್ ಆದವರು ಡ್ರೈವರ್ ಹಾಕಲಾರರು, ಮೇಲೆ ಹೇಳಿದ ಕಥೆಗಳಲ್ಲಿ ಮುಕ್ಕಾಲು ಪಾಲು ಅಲ್ಲೇ ನಿಲ್ಲುತ್ತದೆ. ಇದು ಎಲ್ಲರಿಗೂ ಗೊತ್ತು. ಮಾಡಲು ಹೋದಾಗ ತಲೆನೋವು ಶುರು. ಮನೆಯ ಪ್ರಿಂಟರ್ ಹಾಕಲು ಅಡ್ಮಿನ್ ಕೇಳುತ್ತದೆ. ಕ್ಲೈಂಟ್ ಕಡೆಯ ಯಾವುದೋ ವಿಪಿಎನ್‌ಗೆ ಅಡ್ಮಿನ್ ಬೇಕು. ಮ್ಯಾನೇಜರ್ ಫೋನ್ ಮಾಡಿ "ನಮ್ಮ ಟೀಮಿಗೆ ಮಾತ್ರ ಕೊಟ್ಬಿಡಿ" ಅನ್ನುತ್ತಾರೆ. ಪ್ರತಿ ಟೀಮಿನ ಮ್ಯಾನೇಜರೂ ಅದನ್ನೇ ಹೇಳುತ್ತಾರೆ.

ಬೇಕಾದಾಗ, ಬೇಕಾದ ಕೆಲಸಕ್ಕೆ, ಬೇಕಾದಷ್ಟೇ ಹೊತ್ತು ಅಡ್ಮಿನ್ ಹಕ್ಕು ಕೊಡುವ ಸಾಫ್ಟ್‌ವೇರ್‌ಗಳಿವೆ. ಲೋಕಲ್ ಅಡ್ಮಿನ್ ಪಾಸ್‌ವರ್ಡ್ ಪ್ರತಿ ಮೆಷಿನ್‌ಗೂ ಬೇರೆ ಬೇರೆ ಇರುವಂತೆ, ತಾನಾಗಿಯೇ ಬದಲಾಗುತ್ತಿರುವಂತೆ ನೋಡಿಕೊಳ್ಳುವ ಲ್ಯಾಪ್ಸ್ 2023ರ ಏಪ್ರಿಲ್‌ನಿಂದ ವಿಂಡೋಸ್‌ನ ಒಳಗೇ ಬರುತ್ತದೆ. ಇಷ್ಟಿದ್ದರೂ ಎಷ್ಟೋ ಸಣ್ಣ ಆಫೀಸುಗಳಲ್ಲಿ ಎಲ್ಲ ಮೆಷಿನ್‌ಗೂ ಒಂದೇ ಪಾಸ್‌ವರ್ಡ್. ಆಂಟಿವೈರಸ್ ಅನ್‌ಇನ್‌ಸ್ಟಾಲ್ ಮಾಡುವ ಪಾಸ್‌ವರ್ಡೂ ಹಾಗೇ. ಅದು ಒಂದು ಸಲ ವಾಟ್ಸ್ಆ್ಯಪ್ ಗ್ರೂಪಿಗೆ ಬಿದ್ದರೆ ಮುಗಿಯಿತು. ಕೆಲಸ ಬಿಟ್ಟು ಹೋದವರ ಫೋನ್‌ನಲ್ಲೂ ಇರುತ್ತದೆ. ಪ್ರತಿ ಮೆಷಿನ್‌ಗೆ ಬೇರೆ ಅನ್‌ಇನ್‌ಸ್ಟಾಲ್ ಟೋಕನ್ ಕೊಡುವ ವ್ಯವಸ್ಥೆ ಇರುವ ಸಾಫ್ಟ್‌ವೇರ್ ಕೊಂಡು, ಅದನ್ನು ಬಳಸದೇ ಇರುವ ಕಡೆಗಳನ್ನೂ ನೋಡಿದ್ದೇನೆ.

ಸದ್ದಿಲ್ಲದ ಟ್ಯಾಂಪರಿಂಗ್ ಇನ್ನೊಂದಿದೆ, ಅದನ್ನು ನಾವೇ ಮಾಡುತ್ತೇವೆ. ಎಕ್ಸ್‌ಕ್ಲೂಷನ್. ಆ ಜಾವಾ ಹುಡುಗನಂಥವರಿಗೆ 'ಈ ಫೋಲ್ಡರ್ ನೋಡಬೇಡ' ಅಂತ ಆಂಟಿವೈರಸ್‌ಗೆ ಹೇಳಿಬಿಡುತ್ತೇವೆ. ಮೊದಲು ಒಂದು ಫೋಲ್ಡರ್, ಆಮೇಲೆ ಅದರ ಮೇಲಿನದ್ದು, ಅವಸರ ಇದ್ದ ದಿನ ಪೂರ್ತಿ ಡಿ ಡ್ರೈವ್. ಯಾರೂ ವಾಪಸ್ ತೆಗೆಯುವುದಿಲ್ಲ. 2022ರ ಜನವರಿಯಲ್ಲಿ ಒಂದು ವಿಷಯ ಸುದ್ದಿಯಾಯಿತು: ಡಿಫೆಂಡರ್‌ನ ಈ ಪಟ್ಟಿಯನ್ನು ಮೆಷಿನ್‌ನಲ್ಲಿ ಲಾಗಿನ್ ಆದ ಯಾವ ಸಾಮಾನ್ಯ ಯೂಸರ್ ಬೇಕಾದರೂ ಓದಬಹುದಿತ್ತು. ಆಫ್ ಮಾಡುವ ಗೋಜೇ ಬೇಡ, ಕಣ್ಣು ಹಾಯದ ಜಾಗ ಯಾವುದು ಅಂತ ನೋಡಿಕೊಂಡು ಅಲ್ಲಿ ಕೂತರಾಯಿತು. ಮೈಕ್ರೋಸಾಫ್ಟ್ ಆಮೇಲೆ ಅದನ್ನು ಮುಚ್ಚಿತು. ಈಗ ನಮ್ಮಲ್ಲಿ ಎಕ್ಸ್‌ಕ್ಲೂಷನ್ ಕೊಟ್ಟರೆ ಮುಗಿಯುವ ತಾರೀಖು ಹಾಕಿಯೇ ಕೊಡುತ್ತೇವೆ. ಆ ತಾರೀಖು ಬಂದ ದಿನ ಬೈಗುಳವೂ ಬರುತ್ತದೆ.

ಆಫ್ ಮಾಡಿಕೊಡಿ ಅನ್ನುವ ಕೋರಿಕೆಗೂ ಈಗ ಒಂದು ಗೌರವದ ದಾರಿ ಇದೆ. ಕಂಪನಿಗಳಿಗೆ ಬರುವ ಡಿಫೆಂಡರ್‌ನಲ್ಲಿ ಟ್ರಬಲ್‌ಶೂಟಿಂಗ್ ಮೋಡ್ ಅಂತ ಇದೆ. ಕನ್ಸೋಲ್‌ನಿಂದ ನಾವು ಆನ್ ಮಾಡಿದರೆ ಆ ಒಂದು ಮೆಷಿನ್‌ನಲ್ಲಿ ಕೆಲವು ಗಂಟೆ ಮಾತ್ರ ಸೆಟ್ಟಿಂಗ್ ಬದಲಾಯಿಸಬಹುದು. ಸಮಯ ಮುಗಿದ ಮೇಲೆ ಎಲ್ಲ ತಾನಾಗಿಯೇ ಹಳೇ ಸ್ಥಿತಿಗೆ ಬರುತ್ತದೆ. ಐದು ನಿಮಿಷ ಅಂತ ಕೇಳಿದವರಿಗೆ ನಿಜವಾಗಿಯೂ ಒಂದು ಕೊನೆ ಇರುವ ಐದು ನಿಮಿಷ. ಬೇರೆ ಕಂಪನಿಗಳ ಸಾಫ್ಟ್‌ವೇರ್‌ನಲ್ಲೂ ಇಂಥದ್ದು ಇದ್ದರೆ ಹುಡುಕಿ ಬಳಸಿ. 'ಆಗಲ್ಲ' ಅಂತ ಕಳಿಸಿದವರು ನಾಳೆ ಯೂಟ್ಯೂಬ್ ತೆರೆಯುತ್ತಾರೆ.

ಮೆಷಿನ್ ಒಳಗೇ ಉತ್ತರ ಸಿಗುವುದಿಲ್ಲ ಅಂತ ಮೇಲೆ ಹೇಳಿದೆನಲ್ಲ, ನನ್ನ ಮಟ್ಟಿಗೆ ಆ ಉತ್ತರ ಇರುವುದು ಸೋಮವಾರ ಬೆಳಗಿನ ಒಂದು ಪಟ್ಟಿಯಲ್ಲಿ. ಏಜೆಂಟ್ ಇರಬೇಕಾದ ಆದರೆ ಮಾತಾಡದೇ ಇರುವ ಮೆಷಿನ್‌ಗಳ ಪಟ್ಟಿ. ಪ್ರತಿ ಏಜೆಂಟೂ ಆಗಾಗ ಸರ್ವರ್‌ಗೆ 'ಇದ್ದೀನಿ' ಅನ್ನುತ್ತಿರುತ್ತದೆ. ಅದು ನಿಂತರೆ ಕಾರಣ ಹುಡುಕಬೇಕು. ಹೆಚ್ಚಿನವು ಸಪ್ಪೆ ಕಾರಣಗಳೇ: ಒಬ್ಬರು ಹೆರಿಗೆ ರಜೆಯಲ್ಲಿದ್ದಾರೆ, ಇನ್ನೊಬ್ಬರ ಲ್ಯಾಪ್‌ಟಾಪ್ ಸರ್ವೀಸ್ ಸೆಂಟರ್‌ನಲ್ಲಿದೆ, ಮತ್ತೊಂದು ಸ್ಟೋರ್ ರೂಮಿನ ಕಪಾಟಿನಲ್ಲಿ. ನೋಡಬೇಕಾದದ್ದು ಬೇರೆ. ಏಜೆಂಟ್ ಮೌನ, ಆದರೆ ಅದೇ ಮೆಷಿನ್‌ನಿಂದ ಮೇಲ್ ಓಡುತ್ತಿದೆ, ಟೀಮ್ಸ್‌ನಲ್ಲಿ ಹಸಿರು ಚುಕ್ಕೆ ಇದೆ. ಮೆಷಿನ್ ಬದುಕಿದೆ, ಕಾವಲು ಮಾತ್ರ ಇಲ್ಲ. ಇಂಥದ್ದು ಸಿಕ್ಕರೆ ಕೈಲಿದ್ದ ಕಾಫಿ ಕೆಳಗಿಟ್ಟು ಫೋನ್ ಎತ್ತಬೇಕು.

ಈ ಪಟ್ಟಿಯ ಬೆಲೆ ದಾಳಿ ಮಾಡುವವರಿಗೂ ಗೊತ್ತು. ಇಡಿಆರ್ ಸೈಲೆನ್ಸರ್ ಅನ್ನುವ ಟೂಲ್ ಏಜೆಂಟನ್ನು ಕೊಲ್ಲುವುದೇ ಇಲ್ಲ. ವಿಂಡೋಸ್‌ನದೇ ಫೈರ್‌ವಾಲ್ ವ್ಯವಸ್ಥೆ ಬಳಸಿ ಅದರ ಬಾಯಿ ಕಟ್ಟುತ್ತದೆ. ಏಜೆಂಟ್ ಓಡುತ್ತಲೇ ಇರುತ್ತದೆ, ಟ್ರೇಯಲ್ಲಿ ಐಕಾನ್ ನಗುತ್ತಿರುತ್ತದೆ, ಸರ್ವರ್‌ಗೆ ಒಂದು ಮಾತೂ ತಲುಪುವುದಿಲ್ಲ. ಮೆಷಿನ್ ಮುಂದೆ ಕೂತು ನೋಡಿದರೆ ಎಲ್ಲ ಸರಿ ಇದೆ. ಹೊರಗಿನಿಂದ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ.

ಅದಕ್ಕೇ ಈಗ ಕಂಪನಿಗಳು ಇನ್ನೊಂದು ಹೆಜ್ಜೆ ಇಡುತ್ತಿವೆ. ಏಜೆಂಟ್ ಆರೋಗ್ಯವಾಗಿಲ್ಲದ ಮೆಷಿನ್‌ನಿಂದ ಮೇಲ್ ತೆರೆಯುವುದಿಲ್ಲ, ಕೋಡ್ ರೆಪೊ ತೆರೆಯುವುದಿಲ್ಲ. ಬೇಕಿದ್ದರೆ ಕಿತ್ತುಹಾಕಿ, ಆದರೆ ಆ ಮೆಷಿನ್‌ನಲ್ಲಿ ಆಫೀಸ್ ಕೆಲಸ ನಡೆಯುವುದಿಲ್ಲ. ಮೆಷಿನ್ ಮುಂದೆ ಕೂತವರ ಜೊತೆ ಕುಸ್ತಿ ಆಡುವುದಕ್ಕಿಂತ ಇದು ನನಗೆ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ. ಇನ್ನೂ ಒಂದು ಕಾರಣ ಇದೆ. 2022ರ ಏಪ್ರಿಲ್‌ನ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ) ಆದೇಶದ ಪ್ರಕಾರ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್, ಅಂದರೆ ಸಿಸ್ಟಂಗಳಲ್ಲಿ ಏನೇನಾಯಿತು ಅನ್ನುವ ದಾಖಲೆ, ಇಟ್ಟಿರಬೇಕು. ಏಜೆಂಟ್ ಬಾಯಿ ಕಟ್ಟಿದ್ದ ಅಷ್ಟೂ ದಿನ ಲಾಗ್‌ನಲ್ಲಿ ಖಾಲಿ ಜಾಗ. ಅಲ್ಲಿ ಏನಾಯಿತು ಅಂತ ಯಾರನ್ನು ಕೇಳುವುದು?

ಇನ್ನು ಬಿಗಿ ಜಾಸ್ತಿ ಆದರೆ ಏನಾಗುತ್ತದೆ ಅನ್ನುವುದಕ್ಕೆ 2024ರ ಜುಲೈ 19. ಶುಕ್ರವಾರ ಬೆಳಿಗ್ಗೆ ನಮ್ಮ ಸಮಯ 9 ಗಂಟೆ 39 ನಿಮಿಷಕ್ಕೆ ಸೆಕ್ಯುರಿಟಿ ಸಾಫ್ಟ್‌ವೇರ್ ಕಂಪನಿ ಕ್ರೌಡ್‌ಸ್ಟ್ರೈಕ್ ಒಂದು ಅಪ್‌ಡೇಟ್ ಫೈಲ್ ಬಿಟ್ಟಿತು. 78 ನಿಮಿಷದಲ್ಲಿ ವಾಪಸ್ ತೆಗೆದುಕೊಂಡಿತು. ಅಷ್ಟರಲ್ಲಿ ಸುಮಾರು 85 ಲಕ್ಷ ವಿಂಡೋಸ್ ಮೆಷಿನ್‌ಗಳು ನೀಲಿ ಪರದೆ ತೋರಿಸಿ ಬಿದ್ದಿದ್ದವು ಅನ್ನುವುದು ಮೈಕ್ರೋಸಾಫ್ಟ್ ಅಂದಾಜು. ನಮ್ಮ ದೇಶದಲ್ಲೂ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಕ್ರೌಡ್‌ಸ್ಟ್ರೈಕ್‌ನ ಡ್ರೈವರ್ ಬೂಟ್ ಆಗುವಾಗಲೇ ಏಳುತ್ತದೆ, ಕೆಟ್ಟ ಫೈಲ್ ಓದುತ್ತದೆ, ಬೀಳುತ್ತದೆ. ಮತ್ತೆ ಆನ್ ಮಾಡಿದರೆ ಮತ್ತೆ ಅದೇ. ಯಾರೂ ನಿಲ್ಲಿಸಲಾಗದಂತೆ ಅಷ್ಟು ಬೇಗ ಏಳುವಂತೆ ಮಾಡಿದ್ದೇ ಈಗ ಮುಳುವಾಯಿತು.

ಪರಿಹಾರ ಏನಿತ್ತು ಗೊತ್ತಾ? ಮೆಷಿನ್ ಮುಂದೆ ಕೂತವರು ಅತಿ ಅಗತ್ಯದ ಡ್ರೈವರ್‌ಗಳಷ್ಟೇ ಏಳುವ ಸೇಫ್ ಮೋಡ್‌ಗೆ ಹೋಗಿ ಸೆಕ್ಯುರಿಟಿ ಸಾಫ್ಟ್‌ವೇರ್‌ನ ಫೋಲ್ಡರ್ ತೆರೆದು ಒಂದು ಫೈಲ್ ಅಳಿಸಬೇಕು. ಯಾವುದನ್ನು ಯಾರೂ ಮಾಡಬಾರದು ಅಂತ ಇಷ್ಟು ವರ್ಷ ಕಷ್ಟಪಟ್ಟಿದ್ದರೋ ಅದನ್ನೇ. 2019ರಲ್ಲಿ ಸ್ನ್ಯಾಚ್ ಅನ್ನುವ ರಾನ್ಸಮ್‌ವೇರ್ ಆಂಟಿವೈರಸ್ ತಪ್ಪಿಸಿಕೊಳ್ಳಲು ಹೋಗುತ್ತಿದ್ದುದೂ ಇದೇ ಸೇಫ್ ಮೋಡ್‌ಗೆ. ಆ ಬಾಗಿಲು ಪೂರ್ತಿ ಮುಚ್ಚಿದ್ದರೆ ಆ ಶುಕ್ರವಾರ ಏನಾಗುತ್ತಿತ್ತು?

ನಮ್ಮಲ್ಲಿ ಆ ಸಾಫ್ಟ್‌ವೇರ್ ಇರಲಿಲ್ಲ. ಇದ್ದ ಕಡೆ ಕೆಲಸ ಮಾಡುವ ಸ್ನೇಹಿತರ ಕೈಯಲ್ಲಿ ಶನಿವಾರ, ಭಾನುವಾರ ಎರಡೂ ಫೋನೇ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದ ಮೆಷಿನ್‌ಗಳಿಗೆ 48 ಅಂಕಿಗಳ ರಿಕವರಿ ಕೀ ಓದಿ ಹೇಳಬೇಕು. ಆ ಕಡೆ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಮನೆಯಿಂದ ಕೆಲಸ ಮಾಡುವವರು ಒಂದೊಂದೇ ಒತ್ತುತ್ತಾರೆ. "ಮೂರು, ಸೊನ್ನೆ, ಏಳು… ಏಳಾ ಆರಾ?" ಒಂದು ತಪ್ಪಿದರೆ ಮತ್ತೆ ಆ ಸಾಲು. ಆಮೇಲೆ ಲೋಕಲ್ ಅಡ್ಮಿನ್ ಪಾಸ್‌ವರ್ಡ್. ಪ್ರತಿ ಮೆಷಿನ್‌ಗೂ ಬೇರೆ, ದೊಡ್ಡಕ್ಷರ ಸಣ್ಣಕ್ಷರ ಬೆರೆತದ್ದು. ನಾನು ಮೇಲೆ ಹೊಗಳಿದ ಲ್ಯಾಪ್ಸ್ ಇದು. ಪಾಸ್‌ವರ್ಡ್ ಕೊಡುವ ಸರ್ವರೇ ನೀಲಿ ಪರದೆಯಲ್ಲಿ ಬಿದ್ದಿದ್ದರೆ ಅದೂ ಇಲ್ಲ. ಆ ವಾರದ ನಂತರ ನಾವು ಮಾಡಿದ ಮೊದಲ ಕೆಲಸ, ರಿಕವರಿ ಕೀಗಳ ಒಂದು ಪ್ರತಿ ಈ ವ್ಯವಸ್ಥೆಯ ಹೊರಗೆ ಎಲ್ಲಿದೆ ಅಂತ ಹುಡುಕಿದ್ದು.

ಆ ಘಟನೆಯ ಮೇಲೆ ಮೈಕ್ರೋಸಾಫ್ಟ್ ಸೆಕ್ಯುರಿಟಿ ಕಂಪನಿಗಳನ್ನೆಲ್ಲ ಕರೆದು ಕೂರಿಸಿತು. ಆಂಟಿವೈರಸ್‌ಗಳನ್ನು ಕರ್ನಲ್‌ನಿಂದ ಹೊರಗೆ ತರುವ ಮಾತು ಈಗ ಜೋರಾಗಿದೆ. 2025ರ ಜುಲೈಯಲ್ಲಿ ಅದರ ಪ್ರಿವ್ಯೂ ಆಯ್ದ ಕಂಪನಿಗಳಿಗೆ ಮಾತ್ರ ಶುರುವಾಯಿತು. ಮೆಷಿನ್ ಬೀಳದಿರಲು ಇದು ಒಳ್ಳೆಯದೇ. ಆದರೆ ಮೇಲೆ ಬಂದು ಕೂತ ಆಂಟಿವೈರಸ್ ತನ್ನನ್ನು ತಾನೇ ಕಾಪಾಡಿಕೊಳ್ಳಲಾರದು. ಲೋಕಲ್ ಅಡ್ಮಿನ್‌ನಿಂದ ಅದನ್ನು ಉಳಿಸುವ ಹೊಣೆ ಪೂರ್ತಿ ವಿಂಡೋಸ್ ಮೇಲೆ ಬೀಳುತ್ತದೆ. ಆ ವಿಂಡೋಸ್ ಮಾಡುವವರೇ ಡಿಫೆಂಡರ್ ಕೂಡ ಮಾರುತ್ತಾರೆ. 2006ರಲ್ಲಿ ಪುಟ ತುಂಬ ಜಾಹೀರಾತು ಕೊಟ್ಟು ಆಡಿದ ಜಗಳವೂ ಇದೇ ಆಗಿತ್ತು. ಈ ಸಲ ಯಾರು ಜಾಹೀರಾತು ಕೊಡುತ್ತಾರೋ ನೋಡಬೇಕು. ನನಗಂತೂ ಕರ್ನಲ್ ಒಳಗೋ ಹೊರಗೋ ಅನ್ನುವುದಕ್ಕಿಂತ ಅನ್‌ಇನ್‌ಸ್ಟಾಲ್ ಟೋಕನ್ ಮತ್ತು ಸೋಮವಾರದ ಪಟ್ಟಿ ಆಗಲೂ ನಮ್ಮ ಕೈಯಲ್ಲೇ ಇರುತ್ತವಾ ಅನ್ನುವುದೇ ಮುಖ್ಯ. ವೆಂಡರ್‌ಗಳು ಡೆಮೊ ಕೊಡಲು ಬಂದಾಗ ಮೊದಲು ಕೇಳುತ್ತಿರುವುದು ಅದನ್ನೇ.